ಸ್ಕಿಲ್ ಲ್ಯಾಬ್‌ನಲ್ಲಿ ಚೆನ್ನಾಗಿ ಮಾಡುವವರು ವಾರ್ಡಿಗೆ ಹೋದ ಕೂಡಲೇ ಯಾಕೆ ತಡವರಿಸುತ್ತಾರೆ?

ಬೋಧಕಿ_ಎರಡನೇವರ್ಷ
ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಾಲಜಿ ವಿದ್ಯಾರ್ಥಿಗಳಿಗೆ ಸ್ಕಿಲ್ ಲ್ಯಾಬ್ ನಡೆಸುವವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಕೈಗೆ ಕ್ಯಾನುಲಾ (ರಕ್ತನಾಳದೊಳಗೆ ಬಿಡುವ ತೆಳು ಪ್ಲಾಸ್ಟಿಕ್ ನಳಿಕೆ) ಹಾಕು ಅಂದರೆ ಚಕಚಕ ಹಾಕುತ್ತಾರೆ. ಬೋರ್ಡಿನ ಮೇಲೆ ಡ್ರಿಪ್ ಲೆಕ್ಕ ಕೊಟ್ಟರೆ ಮಾಡುತ್ತಾರೆ. ಬಿಪಿ ನೋಡುವ ಹಂತಗಳನ್ನು ಒಂದೂ ಬಿಡದೆ ಒಪ್ಪಿಸುತ್ತಾರೆ. ಅದೇ ವಿದ್ಯಾರ್ಥಿಗಳು ವಾರ್ಡಿನ ಮೊದಲ ವಾರದಲ್ಲಿ ಹಾಸಿಗೆ ಪಕ್ಕ ನಿಂತು ಮುಂದೇನು ಅಂತ ತೋಚದೆ ಸುತ್ತ ನೋಡುತ್ತಾರೆ. ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿದ ಮೇಲೆ ಹತ್ತಿ ತಂದಿಲ್ಲ ಅಂತ ನೆನಪಾಗುತ್ತದೆ. ಹೆಸರು ಕೇಳದೆಯೇ ರಕ್ತ ತೆಗೆಯಲು ಹೊರಡುತ್ತಾರೆ.

ಅಭ್ಯಾಸದ ಗಂಟೆ ಸಾಲುತ್ತಿಲ್ಲವೋ, ಕಲಿಸುವ ಕ್ರಮದಲ್ಲೇ ದೋಷವೋ? "ಹೋಗ್ತಾ ಹೋಗ್ತಾ ಕಲೀತಾರೆ ಬಿಡಿ" ಅನ್ನುವ ಉತ್ತರ ದಯವಿಟ್ಟು ಬೇಡ. ಹಾಗೆ ಕಲಿಯುವಾಗ ಚುಚ್ಚಿಸಿಕೊಳ್ಳುವವರು ರೋಗಿಗಳು.

ರಾತ್ರಿಪಾಳಿ
ಮ್ಯಾನಿಕಿನ್ ಕೈ ಎಳೆದುಕೊಳ್ಳಲ್ಲ, ಹೆದರಲ್ಲ, ಅದರ ರಕ್ತನಾಳ ಜಾರಲ್ಲ. ವ್ಯತ್ಯಾಸ ಇಷ್ಟೇ.

ಗುಲಾಬಿಕ್ಯಾನುಲಾ
ಇಷ್ಟೇ ಅಲ್ಲ, ಆದರೆ ಜಾರುವ ವಿಷಯ ನಿಜ. ಮ್ಯಾನಿಕಿನ್ ಒಳಗಿನ ರಬ್ಬರ್ ನಳಿಕೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಎಡಗೈ ಹೆಬ್ಬೆರಳಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ವಯಸ್ಸಾದವರ ಕೈಯಲ್ಲಿ ಹಾಗೆ ಎಳೆದು ಹಿಡಿಯದಿದ್ದರೆ ನಾಳ ಸೂಜಿಯ ಮುಂದೆ ಪಕ್ಕಕ್ಕೆ ಸರಿದುಬಿಡುತ್ತದೆ.

ಇನ್ನೊಂದು ದೊಡ್ಡ ತಪ್ಪು ರಕ್ತ ಕಂಡ ಕ್ಷಣದಲ್ಲಿ ಆಗುತ್ತದೆ. ಸೂಜಿಯ ಹಿಂಬದಿಯ ಪುಟ್ಟ ಚೇಂಬರಿನಲ್ಲಿ ರಕ್ತ ಕಾಣುವ ಫ್ಲಾಶ್‌ಬ್ಯಾಕ್ ಬಂದ ತಕ್ಷಣ ಖುಷಿಯಿಂದ ಪ್ಲಾಸ್ಟಿಕ್ ಭಾಗವನ್ನು ಮುಂದಕ್ಕೆ ತಳ್ಳುತ್ತಾರೆ. ಆದರೆ ಸೂಜಿಯ ತುದಿ ಪ್ಲಾಸ್ಟಿಕ್ ತುದಿಗಿಂತ ಸ್ವಲ್ಪ ಮುಂದಿರುತ್ತದೆ. ಸೂಜಿ ಒಳಗೆ ಹೋಗಿದೆ, ಕ್ಯಾನುಲಾ ಇನ್ನೂ ಗೋಡೆಯ ಹೊರಗೇ ಇದೆ. ತಳ್ಳಿದರೆ ಗೋಡೆಗೆ ತಾಗಿ ಮಡಚಿಕೊಳ್ಳುತ್ತದೆ, ಅಲ್ಲೇ ಊದಿಕೊಳ್ಳುತ್ತದೆ. ಸರಿಯಾದ ಕ್ರಮ ಹೀಗೆ: 10ರಿಂದ 30 ಡಿಗ್ರಿ ಕೋನದಲ್ಲಿ ಹೋಗಿ, ರಕ್ತ ಕಂಡ ಮೇಲೆ ಕೋನವನ್ನು ಚರ್ಮಕ್ಕೆ ಹತ್ತಿರ ಇಳಿಸಿ, ಸೂಜಿ ಕ್ಯಾನುಲಾ ಎರಡನ್ನೂ ಒಟ್ಟಿಗೆ 2-3 ಮಿಲಿಮೀಟರ್ ಮುಂದೆ ಒಯ್ದು, ಆಮೇಲೆ ಸೂಜಿಯನ್ನು ಅಲ್ಲಾಡದಂತೆ ಹಿಡಿದು ಕ್ಯಾನುಲಾ ಮಾತ್ರ ಜಾರಿಸುವುದು. ಟೂರ್ನಿಕೆಟ್ ಬಿಚ್ಚಿ, ಕ್ಯಾನುಲಾ ತುದಿ ಇರುವ ಜಾಗದ ಮೇಲ್ಗಡೆ ನಾಳವನ್ನು ಬೆರಳಿಂದ ಒತ್ತಿ ಹಿಡಿದು, ಆಮೇಲಷ್ಟೇ ಸೂಜಿ ತೆಗೆಯುವುದು.

ಹೊರಗೆಳೆದ ಸೂಜಿಯನ್ನು ಅದೇ ಕ್ಯಾನುಲಾ ಒಳಗೆ ಮತ್ತೆ ತೂರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಪ್ಲಾಸ್ಟಿಕ್ ತುಂಡು ಕತ್ತರಿಸಿ ರಕ್ತದ ಜೊತೆ ಹೋಗಿಬಿಡಬಹುದು. ಎರಡು ಸಲ ಆಗದಿದ್ದರೆ ಬೇರೆಯವರನ್ನು ಕರೆಯಬೇಕು, ಇದನ್ನು ಮೊದಲ ದಿನವೇ ನಿಯಮ ಮಾಡಿ.

ಪರೀಕ್ಷಾಕೊಠಡಿ
ನೀವೆಲ್ಲ ಕೈಚಳಕದ ಬಗ್ಗೆ ಹೇಳುತ್ತಿದ್ದೀರಿ. ನನ್ನ ಪ್ರಕಾರ ಮೂಲ ದೋಷ ಪರೀಕ್ಷೆಯಲ್ಲಿದೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ನೆನಪು ಮಾಡಿಕೊಳ್ಳಿ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾರೆ, ನಿಜವಾಗಿ ಮಾಡುತ್ತಾರೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಪ್ರಕಟಿಸಿದ ಓಎಸ್‌ಸಿಇ (ಒಂದೊಂದು ಮೇಜಿನಲ್ಲಿ ಒಂದೊಂದು ಕೆಲಸ ಮಾಡಿಸಿ ಅಂಕ ಕೊಡುವ) ಪರೀಕ್ಷೆ ಅಳೆಯುವುದು ಮೂರನೇ ಮೆಟ್ಟಿಲನ್ನು. ನಾವು ಅದರ ಫಲಿತಾಂಶ ನೋಡಿ ನಾಲ್ಕನೆಯದೂ ಆಯಿತು ಅಂದುಕೊಳ್ಳುತ್ತೇವೆ.

ಅದೂ ಹೋಗಲಿ, ಎಷ್ಟೋ ಕಡೆ ಓಎಸ್‌ಸಿಇ ಎರಡನೇ ಮೆಟ್ಟಿಲಿಗೇ ಇಳಿದಿದೆ. ವಿದ್ಯಾರ್ಥಿ ಬಾಯಲ್ಲಿ "ಈಗ ಕೈ ತೊಳೆಯುತ್ತೇನೆ" ಅಂದರೆ ಪರೀಕ್ಷಕರು ಟಿಕ್ ಹಾಕುತ್ತಾರೆ. ಗಿಳಿಪಾಠಕ್ಕೆ ಅಂಕ ಕೊಟ್ಟರೆ ಗಿಳಿಪಾಠವೇ ಬರುತ್ತದೆ.

ರಾತ್ರಿಪಾಳಿ
ಇದನ್ನು ಪೂರ್ತಿ ಒಪ್ಪುತ್ತೇನೆ. ಬಾಯಲ್ಲಿ ಕೈ ತೊಳೆಯುವ ಪದ್ಧತಿ ಇವತ್ತೇ ನಿಲ್ಲಬೇಕು.

ಶಾರ್ಪ್ಸ್‌ಡಬ್ಬಿ
ಕೈ ತೊಳೆಯುವುದನ್ನು ಕಲಿಸಲು ಸುಲಭ ದಾರಿ ಇದೆ. ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಹೊಳೆಯುವ ಜೆಲ್ ಕೈಗೆ ಹಚ್ಚಿಸಿ, ಎಂದಿನಂತೆ ತೊಳೆಯಲು ಹೇಳಿ, ಆಮೇಲೆ ದೀಪದ ಕೆಳಗೆ ಹಿಡಿಸಿ. ಹೆಬ್ಬೆರಳ ಸುತ್ತ, ಬೆರಳ ತುದಿ, ಉಗುರಿನ ಬುಡ, ಈ ಜಾಗಗಳು ಹೊಳೆಯುತ್ತಲೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಆಲ್ಕೋಹಾಲ್ ರಬ್ ಆದರೆ 20-30 ಸೆಕೆಂಡು, ಸೋಪು ನೀರು ಆದರೆ 40-60 ಸೆಕೆಂಡು. ಆದರೆ ಅದಕ್ಕಿಂತ ಮುಖ್ಯ ಯಾವಾಗ ಅನ್ನುವುದು. ಕೈ ತೊಳೆಯಬೇಕು ಅಂತ ಅದೇ ಸಂಸ್ಥೆ ಹೇಳುವ ಐದು ಸಂದರ್ಭಗಳಲ್ಲಿ ಹೆಚ್ಚು ತಪ್ಪಿಹೋಗುವುದು ಕೊನೆಯದು, ರೋಗಿಯನ್ನೇ ಮುಟ್ಟದೆ ಮಂಚದ ಕಂಬಿಯನ್ನೋ ಇನ್ಫ್ಯೂಷನ್ ಪಂಪನ್ನೋ ಮುಟ್ಟಿ ಹೊರಟಾಗ. ಗ್ಲೌಸ್ ಬಿಚ್ಚಿದ ಮೇಲೂ ಕೈ ತೊಳೆಯಬೇಕು ಅನ್ನುವುದೂ ಮರೆತುಹೋಗುತ್ತದೆ.

ಕೆನ್ನೀಲಿಮುಚ್ಚಳ
ಲ್ಯಾಬ್ ಕಡೆಯಿಂದ ಒಂದು ಮಾತು. ಸ್ಕಿಲ್ ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು "ಸಿರಿಂಜಿಗೆ ಕೆಂಪು ನೀರು ಬಂತು" ಅನ್ನುವಲ್ಲಿಗೆ ಮುಗಿಯುತ್ತದೆ. ನಮಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಸ್ಯಾಂಪಲ್ ಕೆಡುವುದು ಹೆಚ್ಚಾಗಿ ನಮ್ಮ ಯಂತ್ರದೊಳಗಲ್ಲ, ಹಾಸಿಗೆ ಪಕ್ಕದಲ್ಲಿ. ಟೂರ್ನಿಕೆಟ್ ಒಂದು ನಿಮಿಷ ಮೀರಿ ಕಟ್ಟಿಟ್ಟರೆ, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಹಿಡಿಸಿ ಬಿಡಿಸಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ, ಸಿರಿಂಜಿನ ರಕ್ತವನ್ನು ಸೂಜಿಯ ಮೂಲಕ ಜೋರಾಗಿ ಟ್ಯೂಬಿಗೆ ಒತ್ತಿದರೆ ಕೆಂಪು ಕಣ ಒಡೆಯುತ್ತವೆ.

ರಾತ್ರಿಪಾಳಿ
ಟ್ಯೂಬಿನ ಕ್ರಮವನ್ನೂ ಹೇಳಿ. ಮೊದಲು ಕೆಂಪು, ಆಮೇಲೆ ನೀಲಿ, ಕೊನೆಗೆ ಕೆನ್ನೀಲಿ ಅಲ್ಲವೇ?

ಕೆನ್ನೀಲಿಮುಚ್ಚಳ
ಅಲ್ಲ, ಇದನ್ನು ತಿದ್ದಲೇಬೇಕು. ಒಳಗೆ ಏನೂ ಇಲ್ಲದ ಗಾಜಿನ ಕೆಂಪು ಟ್ಯೂಬಿನ ಕಾಲದ ಕ್ರಮ ಅದು. ಈಗಿನ ಪ್ಲಾಸ್ಟಿಕ್ ಕೆಂಪು ಟ್ಯೂಬಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟಿಸುವ ಪದಾರ್ಥ ಇರುತ್ತದೆ. ಅದರ ಅಂಶ ನೀಲಿ ಟ್ಯೂಬಿಗೆ ಹೋದರೆ ಹೆಪ್ಪುಗಟ್ಟುವ ಪರೀಕ್ಷೆಯೇ ಕೆಡುತ್ತದೆ. ಹಾಗಾಗಿ ಬ್ಲಡ್ ಕಲ್ಚರ್ ಬಾಟಲಿ ಮೊದಲು, ಆಮೇಲೆ ತಿಳಿನೀಲಿಯ ಸಿಟ್ರೇಟ್, ಆಮೇಲೆ ಕೆಂಪು ಅಥವಾ ಹಳದಿಯ ಸೀರಂ ಟ್ಯೂಬು, ಹಸಿರು ಹೆಪಾರಿನ್, ಕೆನ್ನೀಲಿ ಇಡಿಟಿಎ, ಕೊನೆಗೆ ಬೂದು ಫ್ಲೋರೈಡ್.

ಯಾಕೆ ಅಂತ ಹೇಳದೆ ಬಣ್ಣ ಮಾತ್ರ ಬಾಯಿಪಾಠ ಮಾಡಿಸಿದರೆ ತುರ್ತಿನಲ್ಲಿ ಮರೆತುಹೋಗುತ್ತದೆ. ಕೆನ್ನೀಲಿಯಲ್ಲಿ ಇರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದರ ಹನಿ ಸೀರಂ ಟ್ಯೂಬಿಗೆ ಬಿದ್ದರೆ ವರದಿಯಲ್ಲಿ ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ರೋಗಿ ಆರಾಮಾಗಿ ಕೂತಿರುತ್ತಾರೆ, ವರದಿ ನೋಡಿದವರು ಹೃದಯ ನಿಲ್ಲುತ್ತದೇನೋ ಅಂತ ಓಡುತ್ತಾರೆ. ಕೆನ್ನೀಲಿ ಟ್ಯೂಬಿನ ಮುಚ್ಚಳ ತೆಗೆದು ಕೆಂಪಿಗೆ ಸುರಿದು "ಅಡ್ಜಸ್ಟ್" ಮಾಡುವುದು ಅದಕ್ಕಿಂತ ಅಪಾಯ.

ನೀಲಿ ಟ್ಯೂಬು ಗುರುತಿನ ಗೆರೆವರೆಗೂ ತುಂಬಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಅನ್ನುವ ಲೆಕ್ಕದಲ್ಲಿ ಅದು ತಯಾರಾಗಿದೆ. ಬಟರ್‌ಫ್ಲೈ ಸೆಟ್ (ತೆಳು ಕೊಳವೆ ಜೋಡಿಸಿದ ಸೂಜಿ) ಬಳಸಿದರೆ ಕೊಳವೆಯೊಳಗಿನ ಗಾಳಿ ಮೊದಲ ಟ್ಯೂಬಿನ ಜಾಗ ತಿನ್ನುತ್ತದೆ, ಆದ್ದರಿಂದ ನೀಲಿಗೆ ಮುಂಚೆ ಒಂದು ಬಿಸಾಡುವ ಟ್ಯೂಬಿಗೆ ಸ್ವಲ್ಪ ಎಳೆಯಬೇಕು. ಕುಲುಕಬಾರದು, ಮೆಲ್ಲಗೆ ತಲೆಕೆಳಗು ಮಾಡಬೇಕು: ನೀಲಿಯನ್ನು 3-4 ಸಲ, ಕೆನ್ನೀಲಿಯನ್ನು 8-10 ಸಲ.

ಬೋಧಕಿ_ಎರಡನೇವರ್ಷ
ಇದು ಬೇಕಿತ್ತು. ಲೇಬಲ್ ಅಂಟಿಸುವುದು ಯಾವಾಗ ಅಂತ ಕಲಿಸುತ್ತೀರಿ? ಮುಂಚೆಯೇ ಅಂಟಿಸಿಟ್ಟುಕೊಂಡರೆ ಬೇಗ ಆಗುತ್ತದೆ ಅನ್ನುತ್ತಾರೆ.

ಕೆನ್ನೀಲಿಮುಚ್ಚಳ
ರಕ್ತ ತೆಗೆದ ಮೇಲೆ, ರೋಗಿಯ ಎದುರಲ್ಲೇ, ಹಾಸಿಗೆ ಬಿಟ್ಟು ಒಂದು ಹೆಜ್ಜೆ ಇಡುವ ಮೊದಲು. ಮುಂಚೆ ಅಂಟಿಸಿದ ಟ್ಯೂಬು ಆ ರೋಗಿಯಲ್ಲಿ ನಾಳ ಸಿಗದೆ ಟ್ರೇಯಲ್ಲೇ ಉಳಿದು ಪಕ್ಕದ ಹಾಸಿಗೆಗೆ ಬಳಕೆಯಾಗುತ್ತದೆ. ರಕ್ತದ ಗುಂಪು ತಪ್ಪಾಗಲು ಇದೊಂದೇ ಸಾಕು. ಹೆಸರನ್ನು ನಾವು ಹೇಳಿ ಹೌದು ಅನ್ನಿಸಿಕೊಳ್ಳಬಾರದು. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ" ಅಂತ ಕೇಳಿ ಕೈಪಟ್ಟಿಯ ಜೊತೆ ಹೋಲಿಸಬೇಕು. ಕಿವಿ ಕೇಳದವರು, ನಿದ್ದೆಗಣ್ಣಲ್ಲಿರುವವರು ಏನು ಕೇಳಿದರೂ ಹೂಂ ಅನ್ನುತ್ತಾರೆ.

ಹನಿಲೆಕ್ಕ
ಡ್ರಿಪ್ ಲೆಕ್ಕದ ಬಗ್ಗೆ ಕೇಳಿದ್ದಿರಿ. ಬೋರ್ಡಿನ ಮೇಲೆ ಸರಿ ಬಂದು ವಾರ್ಡಿನಲ್ಲಿ ತಪ್ಪಲು ಕಾರಣ ಗಣಿತ ಅಲ್ಲ. ಬೋರ್ಡಿನ ಪ್ರಶ್ನೆಯಲ್ಲಿ ಡ್ರಾಪ್ ಫ್ಯಾಕ್ಟರ್ (ಒಂದು ಮಿಲಿಲೀಟರಿಗೆ ಎಷ್ಟು ಹನಿ ಅನ್ನುವುದು) ಬರೆದುಕೊಟ್ಟಿರುತ್ತೇವೆ, ವಾರ್ಡಿನಲ್ಲಿ ಅದನ್ನು ಪ್ಯಾಕೆಟ್ ತಿರುಗಿಸಿ ನೋಡಬೇಕು.

1000 ಮಿಲಿಲೀಟರ್, 8 ಗಂಟೆಯಲ್ಲಿ. ಮಿಲಿಲೀಟರಿಗೆ 20 ಹನಿಯ ಸೆಟ್ ಆದರೆ 1000 × 20 ÷ 480, ಅಂದರೆ ನಿಮಿಷಕ್ಕೆ ಸುಮಾರು 42 ಹನಿ. 15 ಹನಿಯ ಸೆಟ್ ಆದರೆ ಸುಮಾರು 31. ಈಗ 15ರ ಸೆಟ್ ಹಾಕಿ ಅಭ್ಯಾಸಬಲದಿಂದ 42ಕ್ಕೆ ಬಿಟ್ಟರೆ? ಗಂಟೆಗೆ 125 ಹೋಗಬೇಕಾದ್ದು 168 ಹೋಗುತ್ತದೆ, ಬಾಟಲಿ 6 ಗಂಟೆಗೇ ಖಾಲಿ. ಹೃದಯ ದುರ್ಬಲವಾಗಿರುವ ರೋಗಿಗೆ ಅಷ್ಟು ಸಾಕು ಉಸಿರು ಕಟ್ಟಲು. 60 ಹನಿಯ ಮೈಕ್ರೋ ಸೆಟ್‌ನಲ್ಲಿ ಲೆಕ್ಕವೇ ಬೇಡ, ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ.

ಪರೀಕ್ಷೆಯಲ್ಲಿ ಸಂಖ್ಯೆ ಕೊಡಬೇಡಿ. ಬೇರೆ ಬೇರೆ ಕಂಪನಿಯ ಸೆಟ್‌ಗಳನ್ನು ಮೇಜಿನ ಮೇಲಿಟ್ಟು, ಒಂದನ್ನು ಕೈಗೆ ಕೊಟ್ಟು, ವೈದ್ಯರ ಆದೇಶದ ಹಾಳೆ ತೋರಿಸಿ ನಿಜವಾಗಿ ಹನಿ ಹೊಂದಿಸಲು ಹೇಳಿ. ಹನಿಯನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ರೋಗಿ ಮೊಣಕೈ ಮಡಚಿದರೆ ವೇಗ ಬದಲಾಗುತ್ತದೆ, ಅದನ್ನೂ ತೋರಿಸಿ.

ಮೂರನೇಸೆಮಿಸ್ಟರ್
ವಿದ್ಯಾರ್ಥಿಯಾಗಿ ಕೇಳುತ್ತಿದ್ದೇನೆ. ಮಕ್ಕಳ ಡೋಸ್ ಲೆಕ್ಕದಲ್ಲಿ ಎಲ್ಲಿ ಹೆಚ್ಚು ಎಡವುತ್ತಾರೆ?

ಹನಿಲೆಕ್ಕ
"ದಿನಕ್ಕೆ" ಮತ್ತು "ಡೋಸಿಗೆ" ಅನ್ನುವುದರಲ್ಲಿ. 10 ಕೆಜಿ ಮಗುವಿಗೆ ದಿನಕ್ಕೆ ಕೆಜಿಗೆ 30 ಮಿಲಿಗ್ರಾಂ, ಮೂರು ಪಾಲು ಮಾಡಿ ಅಂತ ಆದೇಶ ಇದೆ ಅನ್ನಿ. ಒಂದು ಸಲಕ್ಕೆ 100 ಮಿಲಿಗ್ರಾಂ. ಔಷಧಿ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇದ್ದರೆ 4 ಮಿಲಿಲೀಟರ್. "ದಿನಕ್ಕೆ" ಅನ್ನುವುದನ್ನು ಗಮನಿಸದಿದ್ದರೆ ಪ್ರತಿ ಸಲ 12 ಮಿಲಿಲೀಟರ್ ಹೋಗುತ್ತದೆ, ಮೂರು ಪಟ್ಟು. ಹಾಗಾಗಿ ಲೆಕ್ಕ ಮಾಡುವ ಮೊದಲೇ ಉತ್ತರ ಎಷ್ಟರ ಆಸುಪಾಸು ಬರಬೇಕು ಅಂತ ಅಂದಾಜು ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಬರೆಯುವಾಗ ಬಿಂದುವಿನ ಮುಂದೆ ಸೊನ್ನೆ ಬೇಕೇ ಬೇಕು: 0.5. ಬಿಂದುವಿನ ಹಿಂದೆ ಬೇಡದ ಸೊನ್ನೆ ಬೇಡವೇ ಬೇಡ: 5 ಅಂತ ಬರೆಯಿರಿ, 5.0 ಬೇಡ, ಬಿಂದು ಮಸುಕಾದರೆ ಅದು 50. ಇನ್ಸುಲಿನ್ ಆದೇಶದಲ್ಲಿ "ಯೂನಿಟ್" ಅಂತ ಪೂರ್ತಿ ಬರೆಯಬೇಕು, U ಅಂತ ಒಂದೇ ಇಂಗ್ಲಿಷ್ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು ಡೋಸ್ ಹತ್ತು ಪಟ್ಟಾಗುತ್ತದೆ.

ಕಫ್‌ಸೈಜ್
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಬಿಪಿ ಬಗ್ಗೆ ಹೇಳಲೇಬೇಕು. ವಾರ್ಡ್ ಚಾರ್ಟ್‌ಗಳಲ್ಲಿ ಎಲ್ಲರ ಬಿಪಿಯೂ 120/80, 130/80. ಎಲ್ಲ ಸಂಖ್ಯೆಯೂ ಸೊನ್ನೆಯಲ್ಲೇ ಮುಗಿದರೆ ಅಳೆಯುತ್ತಿಲ್ಲ, ಊಹಿಸುತ್ತಿದ್ದಾರೆ ಅಂತ ಅರ್ಥ. ತೋಳಿಗೆ ಸುತ್ತುವ ಕಫ್ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80% ಉದ್ದ, 40% ಅಗಲ ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಮೊದಲು ನಾಡಿ ಹಿಡಿದು ಅದು ನಿಲ್ಲುವ ಮಟ್ಟ ನೋಡಿ, ಆಮೇಲೆ ಅದಕ್ಕಿಂತ 20-30 ಹೆಚ್ಚು ಊದಿ, ಸೆಕೆಂಡಿಗೆ 2-3 ಮಿಲಿಮೀಟರಿನಂತೆ ಇಳಿಸಬೇಕು. ನಾಡಿ ನೋಡುವ ಹೆಜ್ಜೆ ಬಿಟ್ಟರೆ ನಡುವೆ ಶಬ್ದ ಮಾಯವಾಗುವ ರೋಗಿಗಳಲ್ಲಿ ಮೇಲಿನ ಸಂಖ್ಯೆಯೇ ತಪ್ಪುತ್ತದೆ.

ರಾತ್ರಿಪಾಳಿ
ಈಗ ಎಲ್ಲ ಕಡೆ ಡಿಜಿಟಲ್ ಯಂತ್ರ ಇದೆ. ಸ್ಟೆತೋಸ್ಕೋಪ್ ಇಟ್ಟು ಕೇಳುವುದನ್ನು ಇನ್ನೂ ಕಲಿಸಬೇಕಾ?

ಕಫ್‌ಸೈಜ್
ಕಲಿಸಲೇಬೇಕು. ಹೃದಯದ ಲಯ ತಪ್ಪಿದವರಲ್ಲಿ, ಬಿಪಿ ತೀರಾ ಇಳಿದವರಲ್ಲಿ ಯಂತ್ರದ ಸಂಖ್ಯೆಯನ್ನು ನಂಬುವಂತಿಲ್ಲ. ಪಾದರಸದ ಉಪಕರಣ ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ಹೊರಟುಹೋಗುತ್ತಿದೆ, ಸರಿ. ಅದರ ಜಾಗಕ್ಕೆ ಬಂದ ಮುಳ್ಳಿನ ಅನೆರಾಯ್ಡ್ ಕೆಳಗೆ ಬಿದ್ದರೆ ತಪ್ಪು ತೋರಿಸಲು ಶುರುಮಾಡುತ್ತದೆ. ಗಾಳಿ ಇಲ್ಲದಾಗ ಮುಳ್ಳು ಸೊನ್ನೆಯಲ್ಲಿದೆಯೇ ಅಂತ ನೋಡುವುದನ್ನಾದರೂ ಕಲಿಸಿ. ಎರಡು ಜೊತೆ ಕಿವಿ ಇರುವ ಬೋಧನಾ ಸ್ಟೆತೋಸ್ಕೋಪ್ ಇದ್ದರೆ ವಿದ್ಯಾರ್ಥಿ ಯಾವ ಶಬ್ದಕ್ಕೆ ಸಂಖ್ಯೆ ಹೇಳಿದ ಅನ್ನುವುದು ಬೋಧಕರಿಗೂ ಕೇಳುತ್ತದೆ.

ಪರೀಕ್ಷಾಕೊಠಡಿ
ಮೂಲ ಪ್ರಶ್ನೆಗೆ ಬರೋಣ. ಹತ್ತಿ ಮರೆತರು ಅಂತ ಹೇಳಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ಸ್ಕಿಲ್ ಲ್ಯಾಬ್‌ನಲ್ಲಿ ಟ್ರೇ ಜೋಡಿಸುವವರು ಯಾರು? ಲ್ಯಾಬ್ ಸಹಾಯಕರು. ಕೊನೆಗೆ ಸೂಜಿ ಬಿಸಾಡಿ ಮೇಜು ಒರೆಸುವವರು ಯಾರು? ಮತ್ತೆ ಅವರೇ. ಕೆಲಸದ ನಡುವಿನ ತುಂಡನ್ನು ಮಾತ್ರ ನೂರು ಸಲ ಮಾಡಿಸಿ, ಆರಂಭ ಮತ್ತು ಕೊನೆಯನ್ನು ಒಂದು ಸಲವೂ ಮಾಡಿಸಿಲ್ಲ. ವಾರ್ಡಿನಲ್ಲಿ ಅವರು ತಡವರಿಸುವುದು ಆ ಎರಡು ತುದಿಯಲ್ಲೇ.

ಖಾಲಿ ಟ್ರೇ ಕೊಡಿ. ಕಪಾಟಿನಿಂದ ಅವರೇ ಆರಿಸಲಿ. ಕಪಾಟಿನಲ್ಲಿ ಬೇಕೆಂದೇ ಅವಧಿ ಮುಗಿದ ಸಲೈನ್, ಪ್ಯಾಕ್ ಹರಿದ ಕ್ಯಾನುಲಾ ಇಡಿ. ಆದೇಶ ಓದುವುದರಿಂದ ಶುರುವಾಗಿ ದಾಖಲೆಯಲ್ಲಿ ಜಾಗ, ಗೇಜ್ (ಕ್ಯಾನುಲಾದ ದಪ್ಪ), ಸಮಯ, ಸಹಿ ಬರೆಯುವವರೆಗೆ ಒಂದೇ ಉಸಿರಿನಲ್ಲಿ ಆಗಲಿ. ಇದಕ್ಕೆ ಹೆಚ್ಚು ಸಮಯ ಬೇಕು, ನಿಜ. ಹತ್ತು ಸಲದ ಬದಲು ನಾಲ್ಕು ಸಲ ಮಾಡಿಸಿದರೂ ಸರಿ, ಪೂರ್ತಿ ಮಾಡಿಸಿ.

ಗುಲಾಬಿಕ್ಯಾನುಲಾ
ಹೊಸಬರಿಗೆ ಮೊದಲ ದಿನವೇ ಇಷ್ಟೆಲ್ಲ ಹೊರಿಸಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಮೊದಲು ನಡುವಿನ ತುಂಡು ಪಳಗಲಿ, ಆಮೇಲೆ ಪೂರ್ತಿ. ಪೇಟನ್ ಅನ್ನುವ ಬೋಧಕರ ನಾಲ್ಕು ಹೆಜ್ಜೆ ಇದಕ್ಕೇ ಇದೆ: ಮಾತಿಲ್ಲದೆ ಒಮ್ಮೆ ಮಾಡಿ ತೋರಿಸುವುದು, ವಿವರಿಸುತ್ತಾ ಮಾಡುವುದು, ವಿದ್ಯಾರ್ಥಿ ಹೇಳಿದಂತೆ ಬೋಧಕರು ಮಾಡುವುದು, ಕೊನೆಗೆ ವಿದ್ಯಾರ್ಥಿಯೇ ಮಾಡುವುದು. ಸಮಯ ಇಲ್ಲ ಅಂತ ಮೂರನೆಯದನ್ನು ಹಾರಿಸುತ್ತೇವೆ, ತಪ್ಪು ತಿಳಿವಳಿಕೆ ಬಯಲಾಗುವುದು ಅಲ್ಲೇ.

ಪರೀಕ್ಷಾಕೊಠಡಿ
ಒಪ್ಪಿದೆ, ಕ್ರಮ ಹಾಗೇ ಇರಲಿ. ಆದರೆ ವಾರ್ಡಿಗೆ ಕಳಿಸುವ ಮೊದಲಿನ ಕೊನೆಯ ಪರೀಕ್ಷೆ ಪೂರ್ತಿಯದ್ದೇ ಆಗಬೇಕು. ಜೊತೆಗೆ ಮನುಷ್ಯರೂ ಬೇಕು. ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲೇ ತರಬೇತಾದ ನಟರನ್ನು ರೋಗಿಯಾಗಿ ಕೂರಿಸಿ ಕಲಿಸಲು ಶುರುಮಾಡಿದ್ದರು. ಸಹಪಾಠಿಯ ತೋಳಿಗೆ ಚುಚ್ಚುವ ಪ್ಯಾಡ್ ಕಟ್ಟಿ, ಅವರು "ಇನ್ನೆಷ್ಟು ಸಲ ಚುಚ್ತೀರಿ?" ಅಂತ ಕೇಳಲಿ, ಕೈ ಎಳೆದುಕೊಳ್ಳಲಿ. ಪ್ಯಾಡಿನ ಹಿಂದೆ ಸೂಜಿ ದಾಟದ ಗಟ್ಟಿ ತಟ್ಟೆ ಇರುವುದನ್ನು ಮಾತ್ರ ಪ್ರತಿ ಸಲ ಖಚಿತಪಡಿಸಿಕೊಳ್ಳಿ.

ಮೂರನೇಸೆಮಿಸ್ಟರ್
ವಾರ್ಡಿನಲ್ಲಿ ನಮಗೆ ಹೆಚ್ಚು ಭಯ ಡಾಕ್ಟರಿಗೆ ಫೋನ್ ಮಾಡುವುದು. ಅದನ್ನು ಯಾರೂ ಕಲಿಸಲ್ಲ.

ರಾತ್ರಿಪಾಳಿ
ಎಸ್‌ಬಿಎಆರ್ ಕಲಿಯಿರಿ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದ ಕ್ರಮ. ಪರಿಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು. ಹೀಗೆ:

"ನಾನು ಸರ್ಜಿಕಲ್ ವಾರ್ಡಿನ ನರ್ಸಿಂಗ್ ವಿದ್ಯಾರ್ಥಿ, ಸಿಸ್ಟರ್ ಜೊತೆಯಲ್ಲೇ ಇದ್ದಾರೆ. ಬೆಡ್ 12, 64 ವರ್ಷದವರು, ಉಸಿರಾಟ ನಿಮಿಷಕ್ಕೆ 28, ಆಕ್ಸಿಜನ್ 89, ನಾಡಿ 118, ಬಿಪಿ 94/60. ಸೊಂಟದ ಕೀಲಿನ ಆಪರೇಷನ್ ಆಗಿ ಎರಡು ದಿನ. ಎರಡು ಗಂಟೆ ಹಿಂದೆ ಉಸಿರಾಟ 18, ಆಕ್ಸಿಜನ್ 96 ಇತ್ತು. ಶ್ವಾಸಕೋಶದ ತೊಂದರೆ ಇರಬಹುದು ಅನಿಸುತ್ತಿದೆ, ಸ್ಥಿತಿ ಬೇಗ ಕೆಡುತ್ತಿದೆ. ಆಕ್ಸಿಜನ್ ಶುರುಮಾಡಿದ್ದೇವೆ. ದಯವಿಟ್ಟು ಈಗಲೇ ಬಂದು ನೋಡಿ. ಅಷ್ಟರಲ್ಲಿ ಇಸಿಜಿ ತೆಗೆಯಲೇ?"

ಫೋನ್ ಎತ್ತುವ ಮೊದಲು ಚಾರ್ಟ್ ಕೈಯಲ್ಲಿರಲಿ. ಅವರು ಹೇಳಿದ ಆದೇಶವನ್ನು ಬರೆದುಕೊಂಡು ಮತ್ತೆ ಓದಿ ಹೇಳಿ. "ಸರ್, ರೋಗಿ ಯಾಕೋ ಸರಿ ಇಲ್ಲ" ಅಂತಷ್ಟೇ ಅಂದರೆ ಆ ಕಡೆಯವರಿಗೆ ಓಡಿ ಬರಬೇಕೋ ಬೇಡವೋ ತಿಳಿಯುವುದಿಲ್ಲ.

ಮೂರನೇಸೆಮಿಸ್ಟರ್
ಲಾಗ್‌ಬುಕ್ಕಿನಲ್ಲಿ ಹೇಳಿದಷ್ಟು ಸಂಖ್ಯೆ ಮುಗಿಸಿ ಸಹಿ ತೆಗೆದುಕೊಂಡರೆ ಸಾಕಾ?

ಗುಲಾಬಿಕ್ಯಾನುಲಾ
ಸಾಲದು. ಒಂದೇ ತಪ್ಪನ್ನು ಇಪ್ಪತ್ತು ಸಲ ಮಾಡಿದರೂ ಇಪ್ಪತ್ತು ಸಹಿ ಸಿಗುತ್ತದೆ. ವಾರದ ಕೊನೆಗೆ ಒಟ್ಟಿಗೆ ಹಾಕುವ ಸಹಿ ಬರೀ ಕಾಟಾಚಾರ. ನೋಡಿದವರು ಅಲ್ಲೇ, ಆಗಲೇ ಸಹಿ ಹಾಕಲಿ, ಪಕ್ಕದಲ್ಲಿ ಒಂದು ಸಾಲು ಬರೆಯಲಿ: "ಕೋನ ಇಳಿಸಲು ತಡ ಮಾಡುತ್ತಾರೆ", "ಸ್ಪಿರಿಟ್ ಒಣಗಲು ಬಿಡುವುದಿಲ್ಲ". "ಚೆನ್ನಾಗಿದೆ" ಅನ್ನುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ನೀವಾಗಿಯೇ ಹೋಗಿ "ಇದೊಂದನ್ನು ಮಾತ್ರ ನೋಡಿ ಹೇಳಿ" ಅಂತ ಕೇಳಿ.

ಶಾರ್ಪ್ಸ್‌ಡಬ್ಬಿ
ಸಿಪಿಆರ್‌ಗೂ (ನಿಂತ ಹೃದಯಕ್ಕೆ ಎದೆ ಒತ್ತುವುದು) ಇದೇ ಮಾತು. ಒಮ್ಮೆ ಸರ್ಟಿಫಿಕೇಟ್ ಪಡೆದರೆ ಕೌಶಲ ಉಳಿಯುವುದಿಲ್ಲ, ಕೆಲವೇ ತಿಂಗಳಲ್ಲಿ ಆಳವೂ ವೇಗವೂ ತಪ್ಪುತ್ತವೆ. ವರ್ಷಕ್ಕೊಂದು ಪೂರ್ತಿ ದಿನದ ತರಗತಿಗಿಂತ, ವಾರ್ಡಿನ ಮೂಲೆಯಲ್ಲಿ ಮ್ಯಾನಿಕಿನ್ ಇಟ್ಟು ಆಗಾಗ ಎರಡೆರಡು ನಿಮಿಷ ಒತ್ತಿಸುವುದು ಒಳ್ಳೆಯದು. ನಿಮಿಷಕ್ಕೆ 100-120, ಆಳ 5 ಸೆಂಟಿಮೀಟರ್, 6 ಮೀರದಂತೆ, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸುಸ್ತಾದವರು ಎದೆಯ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ಆಗ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ.

ಬೋಧಕಿ_ಎರಡನೇವರ್ಷ
ಖಾಲಿ ಟ್ರೇ ಮಾತು ನೇರವಾಗಿ ತಟ್ಟಿತು. ಮುಂದಿನ ಬ್ಯಾಚಿಗೆ ಕ್ಯಾನುಲಾ ಮತ್ತು ರಕ್ತ ತೆಗೆಯುವುದು ಎರಡನ್ನೂ ಆದೇಶದಿಂದ ದಾಖಲೆವರೆಗೆ ಮಾಡಿಸುತ್ತೇವೆ, ಓಎಸ್‌ಸಿಇ ಹಾಳೆಯಿಂದ ಬಾಯಿಮಾತಿನ ಕೈತೊಳೆತ ತೆಗೆಯುತ್ತೇವೆ. ಒಂದು ಪ್ರಶ್ನೆ ಉಳಿಯಿತು: ಸೂಜಿ ಚುಚ್ಚಿಕೊಳ್ಳುವ ಅಪಾಯದ ಬಗ್ಗೆ ವಾರ್ಡಿಗೆ ಕಳಿಸುವ ಮೊದಲು ಏನೇನು ಮುಗಿದಿರಬೇಕು?

ಶಾರ್ಪ್ಸ್‌ಡಬ್ಬಿ
ಹೆಪಟೈಟಿಸ್ ಬಿ ಲಸಿಕೆ ಮೊದಲು. 0, 1, 6 ತಿಂಗಳಿಗೆ ಮೂರು ಡೋಸ್, ಹಾಗಾಗಿ ಕಾಲೇಜಿಗೆ ಸೇರಿದ ವಾರವೇ ಶುರುಮಾಡಿದರೆ ಮಾತ್ರ ವಾರ್ಡಿಗೆ ಹೋಗುವಷ್ಟರಲ್ಲಿ ಮುಗಿಯುತ್ತದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ನೋಡಬೇಕು, ಮಿಲಿಲೀಟರಿಗೆ 10 ಮಿಲಿ-ಯೂನಿಟ್ ಅಥವಾ ಹೆಚ್ಚು ಇರಬೇಕು. ಲಸಿಕೆ ಇಲ್ಲದವರಿಗೆ ಸೋಂಕಿತ ಸೂಜಿಯಿಂದ ಹೆಪಟೈಟಿಸ್ ಬಿ ಬರುವ ಸಾಧ್ಯತೆ 30% ತನಕ ಇದೆ, ಎಚ್‌ಐವಿಯದ್ದು ಸುಮಾರು 0.3%. ವಿದ್ಯಾರ್ಥಿಗಳು ಹೆದರುವುದು ಎರಡನೆಯದಕ್ಕೆ, ಮರೆಯುವುದು ಮೊದಲನೆಯದನ್ನು.

ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಬಾಯಿಗೆ ಇಡಬಾರದು, ಬ್ಲೀಚ್ ಹಚ್ಚಬಾರದು. ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧಿ ಬೇಕಾದರೆ ಕೆಲವೇ ಗಂಟೆಗಳಲ್ಲಿ ಶುರುಮಾಡುವುದು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟವರಿಗೆ ಆ ಸಮಯ ಕೈತಪ್ಪುತ್ತದೆ. ಆದ್ದರಿಂದ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಐಡಿ ಕಾರ್ಡಿನ ಹಿಂದೆ ಬರೆಸಿಕೊಡಿ.

ಮೂರನೇಸೆಮಿಸ್ಟರ್
ಸೂಜಿ ಬಿಸಾಡುವ ಡಬ್ಬಿ ಟ್ರಾಲಿಯ ಕೆಳಗಿನ ತಟ್ಟೆಯಲ್ಲಿದ್ದರೆ ನಡೆಯುತ್ತದಾ?

ಶಾರ್ಪ್ಸ್‌ಡಬ್ಬಿ
ಇಲ್ಲ. ಬಗ್ಗಿ ಹುಡುಕುವಾಗಲೇ ಚುಚ್ಚುವುದು. ಸೂಜಿಯ ಮುಚ್ಚಳ ತೆಗೆಯುವ ಮೊದಲೇ ಡಬ್ಬಿ ನಿಮ್ಮ ಬಲಗೈಗೆ, ಎಡಚರಾದರೆ ಎಡಗೈಗೆ ಎಟುಕುವಂತೆ, ಬಾಯಿ ತೆರೆದು, ಕಣ್ಣಿಗೆ ಕಾಣುವ ಎತ್ತರದಲ್ಲಿ ಇರಬೇಕು. ಮುಚ್ಚಳ ಮತ್ತೆ ಹಾಕಲು ಹೋಗಬೇಡಿ, ನೇರ ಡಬ್ಬಿಗೆ. ಮುಕ್ಕಾಲು ತುಂಬಿದ್ದರೆ ಅದನ್ನು ಬಳಸಬೇಡಿ, ಬೇರೆ ತನ್ನಿ, ಆಮೇಲೆ ಟೂರ್ನಿಕೆಟ್ ಕಟ್ಟಿ.